ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಪರಮವೀರ ಚಕ್ರ ಕೊಡದೆ ಅಶೋಕ ಚಕ್ರ ಕೊಟ್ಟಿದ್ದು ಯಾಕೆ?

ಪರಮವೀರ ಚಕ್ರ ಸಿಗುವುದು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಮಾತ್ರ. 2008ರಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಸಂದೀಪ್ ಎದುರಿಸಿದ್ದು ಉಗ್ರರನ್ನು; ನಿಯಮದ ಲೆಕ್ಕದಲ್ಲಿ ಅದು ರಣರಂಗವಲ್ಲ. ಅಂಥ ಶೌರ್ಯಕ್ಕಿರುವ ಅತ್ಯುನ್ನತ ಪದಕವೇ ಅಶೋಕ ಚಕ್ರ. ಅವರಿಗೆ ಕಡಿಮೆ ಮಾಡಿದರು ಅನ್ನುವ ಮಾತಿಗೆ ಅರ್ಥವಿಲ್ಲ. ಹಾಗಂತ ಯುದ್ಧ ಘೋಷಣೆಯೇ ಆಗಿರಬೇಕೆಂದೂ ಇಲ್ಲ: 1987ರಲ್ಲಿ ಸಿಯಾಚಿನ್‌ನ ಪಾಕ್ ಠಾಣೆ ಹಿಡಿದ ಬಾನಾ ಸಿಂಗ್ ಅವರಿಗೆ ಪರಮವೀರ ಚಕ್ರ ಬಂತು.

ಎರಡೂ ನೋಡಲು ಬೇರೆ. ಪರಮವೀರ ಚಕ್ರ ಕಂಚಿನದು, ನೇರಳೆ ಪಟ್ಟಿ; ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ. ದಧೀಚಿ ಪ್ರಾಣ ಬಿಟ್ಟು ಕೊಟ್ಟ ಮೂಳೆಯಿಂದ ಆದ ಆಯುಧವದು. ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದು. ಅಶೋಕ ಚಕ್ರಕ್ಕೆ ಚಿನ್ನದ ಲೇಪ, ಕಮಲದ ಹಾರದೊಳಗೆ ಚಕ್ರ, ಹಸಿರು ಪಟ್ಟಿಯ ನಡುವೆ ಕೇಸರಿ ಗೆರೆ.