ಲಕ್ಷ, ಕೋಟಿಯನ್ನು ಮಿಲಿಯನ್ ಮಾಡುವ ಸೂತ್ರ ಹೇಳಿಕೊಡಬೇಡಿ

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷಿನ ದೊಡ್ಡ ಸಂಖ್ಯೆ, ಜನಸಂಖ್ಯೆಯ ಪದಗಳನ್ನು ಕಲಿಸಬೇಕು, ಲಕ್ಷ-ಕೋಟಿಯಿಂದ ಮಿಲಿಯನ್-ಬಿಲಿಯನ್ನಿಗೆ ಹೋಗಲು ಸುಲಭ ಸೂತ್ರ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಕಲಿಸಬೇಡಿ.

ಹಾಸನದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಬರುತ್ತಿದ್ದವರು ಡಿಗ್ರಿ ಮುಗಿಸಿದವರು, ಕಣ್ಣೆಲ್ಲ ಕಾಲ್ ಸೆಂಟರ್ ಕೆಲಸದ ಮೇಲೆ. ಕೋಟಿ ಇದ್ದರೆ ಹತ್ತರಿಂದ ಗುಣಿಸಿ, ಲಕ್ಷ ಇದ್ದರೆ ಹತ್ತರಿಂದ ಭಾಗಿಸಿ ಅಂತ ಬೋರ್ಡ್ ಮೇಲೆ ಬರೆದೆ. ಲೆಕ್ಕವೇನೋ ಸರಿ. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6.1 ಕೋಟಿ, ಅಂದರೆ 61 ಮಿಲಿಯನ್. ಬೆಂಗಳೂರು ನಗರದ್ದು 84 ಲಕ್ಷ, ಅಂದರೆ 8.4 ಮಿಲಿಯನ್. ಎಲ್ಲರೂ ಉರು ಹೊಡೆದರು. ಬರವಣಿಗೆಯಲ್ಲಿ ಹತ್ತಕ್ಕೆ ಹತ್ತು.

ಆಮೇಲೆ ಬೆಂಗಳೂರಿನ ಕಂಪನಿಯೊಂದು ಆಯ್ಕೆಗೆ ಬಂತು. ಹೆಡ್‌ಫೋನಿನಲ್ಲಿ ಸಂಖ್ಯೆ ಹೇಳುತ್ತಾರೆ, ಕೇಳಿ ಟೈಪ್ ಮಾಡಬೇಕು. ನನ್ನ ಬ್ಯಾಚ್ ಪೂರ್ತಿ ಅಲ್ಲೇ ಮಕಾಡೆ ಮಲಗಿತು. ಸೆಂಟರ್ ಮಾಲೀಕರು ಮುಂದಿನ ಬ್ಯಾಚನ್ನು ಬೇರೆಯವರಿಗೆ ಕೊಟ್ಟರು.

ಆಗಿದ್ದು ಏನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಕಿವಿಗೆ 'ಏಯ್ಟ್ ಮಿಲಿಯನ್' ಅಂತ ಬೀಳುತ್ತದೆ. ಹುಡುಗಿ ಮನಸ್ಸಿನಲ್ಲೇ ಎಂಬತ್ತು ಲಕ್ಷ ಮಾಡಿಕೊಳ್ಳುತ್ತಾಳೆ. ಅಷ್ಟರಲ್ಲಿ 'ಫೋರ್ ಹಂಡ್ರೆಡ್ ಫಾರ್ಟಿ ತ್ರೀ ಥೌಸಂಡ್' ಬಂದು ಹೋಗಿದೆ. ಅದನ್ನು ನಾಲ್ಕು ಲಕ್ಷದ ನಲವತ್ಮೂರು ಸಾವಿರ ಮಾಡಿ, ಎಂಬತ್ತು ಲಕ್ಷಕ್ಕೆ ಕೂಡಿಸಿ, ಮತ್ತೆ ಅಂಕಿಯಾಗಿ ಇಳಿಸಬೇಕು. ಕೊನೆಯ 'ಸಿಕ್ಸ್ ಹಂಡ್ರೆಡ್ ಸೆವೆಂಟಿ ಫೈವ್' ಕಿವಿಗೆ ಬಿದ್ದೇ ಇರುವುದಿಲ್ಲ. ಇನ್ನೊಬ್ಬ ಗುಣಿಸೋದು ಯಾವುದಕ್ಕೆ, ಭಾಗಿಸೋದು ಯಾವುದಕ್ಕೆ ಅಂತ ಅದಲು ಬದಲು ಮಾಡಿ ಬೆಂಗಳೂರಿಗೆ 840 ಮಿಲಿಯನ್ ಜನ ತುಂಬಿಸಿದ್ದ. ಅವನಿಗೆ ಏನೂ ಅನುಮಾನ ಬರಲಿಲ್ಲ. ಸೂತ್ರ ಇತ್ತಲ್ಲ! ಸಂಖ್ಯೆ ಎಷ್ಟು ದೊಡ್ಡದು ಅಂತ ಯೋಚಿಸುವ ಕೆಲಸವನ್ನೇ ನಾನು ತಪ್ಪಿಸಿಬಿಟ್ಟಿದ್ದೆ.

ಈಗ ಲೆಕ್ಕವೇ ಬೇಡ ಅನ್ನುತ್ತೇನೆ. ಹಾಳೆಯಲ್ಲಿ ಮೂರು ಮೂರು ಮನೆಗಳ ಗುಂಪು ಹಾಕಿಸಿ. ಮಿಲಿಯನ್ ಅಂತ ಕೇಳಿದ ತಕ್ಷಣ ಒಂದು ಅಲ್ಪವಿರಾಮ, ಥೌಸಂಡ್ ಕೇಳಿದಾಗ ಇನ್ನೊಂದು. 8,443,675. ನಮ್ಮ 84,43,675 ಕೂಡ ಅದೇ ಅಂಕಿಗಳು, ಅಲ್ಪವಿರಾಮದ ಜಾಗ ಮಾತ್ರ ಬೇರೆ. 'ಏಯ್ಟ್ ಮಿಲಿಯನ್ ಫಾರ್ಟಿ ತ್ರೀ ಥೌಸಂಡ್' ಅಂದರೆ ನಡುವಿನ ಗುಂಪಿನಲ್ಲಿ ಒಂದು ಮನೆ ಖಾಲಿ, ಅಲ್ಲಿ ಸೊನ್ನೆ. ಇದನ್ನು ಕಿವಿಯಲ್ಲೇ ಪಳಗಿಸಿ, ಬೋರ್ಡ್ ಮುಟ್ಟಬೇಡಿ. ಥರ್ಟೀನ್, ಥರ್ಟಿ ಗೊಂದಲವೂ ಅಲ್ಲೇ ಬಿಟ್ಟುಹೋಗುತ್ತದೆ.

ಇನ್ನೊಂದು, ನಿಮ್ಮ ವಿದ್ಯಾರ್ಥಿಗಳಿಗೆ ಮಿಲಿಯನ್ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೂರುವವರಿಗೆ ಲ್ಯಾಕ್, ಕ್ರೋರ್ ಸಾಕು. ನಮ್ಮ ಇಂಗ್ಲಿಷ್ ಪತ್ರಿಕೆಗಳೇ ಹಾಗೆ ಬರೆಯುತ್ತವೆ. ಸುಮ್ನೆ ಯಾಕೆ ಹಿಂಸೆ?

ಜನಸಂಖ್ಯೆಯ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ, ಗೊತ್ತಿರುವ ಊರಿನ ಮೇಲೆ ಹೇಳಿಸಿ. 'ಡೆನ್ಸಿಟಿ' ಬೇಕಾದರೆ ಕೊಡಗು ಮತ್ತು ಬೆಂಗಳೂರು ನಗರ ಜಿಲ್ಲೆ ಪಕ್ಕಪಕ್ಕ ಇಡಿ. 2011ರಲ್ಲಿ ಚದರ ಕಿಲೋಮೀಟರಿಗೆ ಅಲ್ಲಿ 135 ಜನ, ಇಲ್ಲಿ 4,300ಕ್ಕೂ ಜಾಸ್ತಿ. 'ಪಾಪ್ಯುಲೇಷನ್ ಈಸ್ ಮೋರ್' ಅನ್ನುವುದನ್ನು 'ಲಾರ್ಜ್' ಅಂತ ತಿದ್ದಿ. 'ಟು ಮಿಲಿಯನ್ಸ್ ಪೀಪಲ್' ಅಂದರೆ ಆ 'ಸ್' ಕಿತ್ತುಹಾಕಿ. 'ಸೆಕ್ಸ್ ರೇಷಿಯೋ' ಮಾತ್ರ ಹುಷಾರು. ನಮ್ಮ ಜನಗಣತಿ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅಂತ ಎಣಿಸುತ್ತದೆ, ಕರ್ನಾಟಕದ್ದು 2011ರಲ್ಲಿ 973. ವಿಶ್ವಸಂಸ್ಥೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ನೂರು ಹೆಂಗಸರಿಗೆ ಎಷ್ಟು ಗಂಡಸರು ಅಂತ ಇರುತ್ತದೆ. ಎರಡನ್ನೂ ಒಂದೇ ತರಗತಿಯಲ್ಲಿ ತೆಗೆಯಬೇಡಿ.