ಹಳದಿ ಎಲೆ ಹುಡುಕಿ ಬೆಟ್ಟ ಹತ್ತುವ ಮುನ್ನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ಕು ಮಂದಿ ಗೆಳೆಯರು ಅಕ್ಟೋಬರಿನಾಗ ಗಂಗೋತ್ರಿಯಿಂದ ಭೋಜಬಾಸಾಕ್ಕ ನಡಕೊಂತ ಹೋಗಬೇಕಂತ ಮಾಡೇವ್ರಿ. ಎಲಿ ಬಣ್ಣ ತಿರುಗೂದು ನೋಡಬೇಕು. ಯಾವ ವಾರ ಛಲೋ? ಬಯಲುಸೀಮಿಯವರಿಗೆ ಆ ಎತ್ತರ ತಡಕೊಳ್ಳಾಕ ಆಗ್ತದೇನು?
– ವಿಜಯಪುರದ ಓದುಗರು

ಉತ್ತರ: ಅಕ್ಟೋಬರಿನ ಮೊದಲ ಹತ್ತು ದಿನ ಇಟ್ಟುಕೊಳ್ಳಿ. ಗೋಮುಖಕ್ಕೆ ಹೋಗುವ ಆ ದಾರಿಯಲ್ಲಿ ಮುಖ್ಯವಾಗಿ ಬಣ್ಣ ತಿರುಗುವುದು ಭೂರ್ಜ, ಹಿಂದೆ ತೊಗಟೆಯ ಮೇಲೆ ಹಸ್ತಪ್ರತಿ ಬರೆಯುತ್ತಿದ್ದರಲ್ಲ, ಅದೇ ಮರ. ಅದು ಹಳದಿಯಾಗುತ್ತದೆ, ಕೆಂಪಾಗುವುದಿಲ್ಲ. ದೇವದಾರು, ಪೈನ್ ಹಸಿರಾಗಿಯೇ ಉಳಿಯುತ್ತವೆ. ಗುಡ್ಡಕ್ಕೆ ಗುಡ್ಡವೇ ಉರಿಯುವ ಚಿತ್ರ ನೋಡಿ ಹೊರಟಿದ್ದರೆ ನಿರಾಸೆಯಾದೀತು. ಕೆಂಪೇ ಬೇಕೆಂದರೆ ಅಕ್ಟೋಬರ್ ಕೊನೆಗೆ ಶ್ರೀನಗರದ ನಸೀಮ್ ಬಾಗ್‌ನ ಚಿನಾರ್ ಮರಗಳಿವೆ, ಆದರೆ ಅಲ್ಲಿ ಹತ್ತುವುದಕ್ಕೇನೂ ಇಲ್ಲ. ಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಒಂದು ವಾರ ತಡವಾದರೆ ಮೇಲೆ ಬರೀ ಟೊಂಗೆ, ಆಗ ಗಂಗೋತ್ರಿಗಿಂತ ಕೆಳಗಿರುವ ಹರ್ಸಿಲ್ ಸುತ್ತ ಹುಡುಕಿ.

ಎತ್ತರದ ಮಾತು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಗಂಗೋತ್ರಿ ಸುಮಾರು 3,100, ಭೋಜಬಾಸಾ ಸುಮಾರು 3,800. ತಪ್ಪಾಗುವುದು ಇಲ್ಲೇ. ಹರಿದ್ವಾರದಿಂದ ಒಂದೇ ದಿನ ಗಾಡಿಯಲ್ಲಿ ಗಂಗೋತ್ರಿ ಮುಟ್ಟಿ, ಮರುದಿನ ಬೆಳಗ್ಗೆ 14 ಕಿ.ಮೀ. ನಡೆಯುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ನಿಯಮ. ಒಂದು ರಾತ್ರಿ ಉತ್ತರಕಾಶಿ, ಒಂದು ರಾತ್ರಿ ಹರ್ಸಿಲ್, ಎರಡು ರಾತ್ರಿ ಗಂಗೋತ್ರಿ. ಎರಡನೆಯ ರಾತ್ರಿ ಯಾಕೆಂದರೆ, ಅಲ್ಲಿಂದ ಭೋಜಬಾಸಾಕ್ಕೆ ಏರಿಕೆ 700 ಮೀಟರ್. ನಡುವೆ ಒಂಬತ್ತನೇ ಕಿ.ಮೀ.ಗೆ ಚಿರಬಾಸಾದಲ್ಲಿ ಕೂತು ದಣಿವಾರಿಸಿಕೊಳ್ಳಿ. ತಲೆನೋವು, ಓಕರಿಕೆ ಬಂದರೆ ಮುಂದೆ ಹೋಗಬೇಡಿ. ಹೆಚ್ಚಾದರೆ ರಾತ್ರಿಯೇ ಆಗಲಿ, ಇಳಿಯಿರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೊಲಮೈಡ್ ಗುಳಿಗೆಯನ್ನು ನೀವಾಗಿಯೇ ಕೊಂಡು ನುಂಗಬೇಡಿ, ಸಲ್ಫಾ ಔಷಧಿ ಒಗ್ಗದವರಿಗೆ ತೊಂದರೆಯಾದೀತು. ಊರಲ್ಲೇ ವೈದ್ಯರನ್ನು ಕೇಳಿ.

ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಪರವಾನಿಗೆ ಬೇಕು. ದಿನಕ್ಕೆ 150 ಜನರಿಗಷ್ಟೇ ಬಿಡುವುದರಿಂದ ಮೊದಲೇ ಮಾಡಿಸಿ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬುತ್ತಿಗೆ ಕಡಕ್ ರೊಟ್ಟಿ ಒಯ್ಯುವುದಾದರೆ ಡಬ್ಬಿಯಲ್ಲಿಡಿ, ಚೀಲದಲ್ಲಿಟ್ಟರೆ ಪುಡಿಯಾಗುತ್ತದೆ. ಶೇಂಗಾ ಹೋಳಿಗೆ, ಅಂಟಿನ ಉಂಡಿ ಇನ್ನೂ ವಾಸಿ.

ಪ್ರಶ್ನೆ: ಹೊಸ ಬೂಟು ಹಾಕೊಂಡು ಯಳ್ಳೂರ ಗಡ ಹತ್ತಿ ಇಳಿದೆ. ಹತ್ತುವಾಗ ಏನೂ ಆಗಲಿಲ್ಲ, ಇಳಿದ ಮೇಲೆ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಬೂಟು ಬದಲಿಸಲೇ?
– ಬೆಳಗಾವಿಯ ಓದುಗರು

ಉತ್ತರ: ಮೊದಲು ಅಳತೆ ನೋಡಿ. ಲಾಡಿ ಬಿಚ್ಚಿ, ಪಾದವನ್ನು ತುದಿಗೆ ತಾಗುವಂತೆ ಮುಂದೆ ದೂಡಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಹೋಗದಿದ್ದರೆ ಬದಲಿಸಿ, ಕಾಲು ಸಂಜೆಗೆ ಉಬ್ಬಿರುತ್ತದೆ, ಆಗಲೇ ಹಾಕಿ ನೋಡಿ. ಅಳತೆ ಸರಿಯಿದ್ದರೆ ತಪ್ಪು ಲಾಡಿಯದು. ಇಳಿಯುವಾಗ ಪಾದ ಮುಂದೆ ಜಾರಿ ಉಗುರು ಗುದ್ದುತ್ತದೆ. ಲಾಡಿಯ ಎರಡೂ ತುದಿಗಳನ್ನು ಮೇಲಿನಿಂದ ಎರಡನೆಯ ತೂತಿನವರೆಗೆ ಎಂದಿನಂತೆ ತನ್ನಿ. ಅಲ್ಲಿಂದ ಅಡ್ಡ ಹಾಯಿಸದೆ, ಅದೇ ಬದಿಯ ಕೊನೆಯ ತೂತಿಗೆ ಹಾಕಿದರೆ ಪಕ್ಕದಲ್ಲಿ ಸಣ್ಣ ಕುಣಿಕೆ ಉಳಿಯುತ್ತದೆ. ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ ಜಗ್ಗಿ ಕಟ್ಟಿ. ಹಿಮ್ಮಡಿ ಕದಲುವುದಿಲ್ಲ. ಹೊರಡುವ ಎರಡು ದಿನ ಮೊದಲೇ ಉಗುರು ಕತ್ತರಿಸಿಕೊಳ್ಳಿ.

ಪ್ರಶ್ನೆ: ಅಷ್ಟು ದೂರ ಹೋಗೂದು ನಮ್ಮಿಂದ ಆಗೂದಿಲ್ಲ. ನಮ್ಮ ಕಡೆ ಇಂಥಾ ಬಣ್ಣ ಎಲ್ಲೂ ಇಲ್ಲೇನ್ರಿ?
– ಬಾಗಲಕೋಟೆಯ ಓದುಗರು

ಉತ್ತರ: ಇದೆ, ಋತು ಬೇರೆ. ಹಿಮಾಲಯದ ಮರ ಶರದೃತುವಿನಲ್ಲಿ ಚಳಿಗೆ ಎಲೆ ಬಿಡುತ್ತದೆ, ನಮ್ಮದು ಶಿಶಿರದಲ್ಲಿ ನೀರಡಿಕೆಗೆ. ಮರ ಎಲೆಯ ಹಸಿರನ್ನು ಒಡೆದು ಸಾರವನ್ನು ಒಳಗೆಳೆದುಕೊಂಡಾಗ, ಮೊದಲಿನಿಂದಲೂ ಅಡಗಿದ್ದ ಹಳದಿ ಮೇಲೆ ಬರುತ್ತದೆ. ಕೆಂಪು ಹೊಸದಾಗಿ ತಯಾರಾಗುವ ಬಣ್ಣ. ಅದಕ್ಕೆ ಬಿಸಿಲಿನ ಹಗಲು, ತಣ್ಣಗಿನ ರಾತ್ರಿ ಬೇಕು. ನಮ್ಮ ಸಾಗವಾನಿಯಲ್ಲಿ ಅದಾಗದು, ಕಂದಾಗಿ ಉದುರುತ್ತದೆ. ಆದರೆ ಫೆಬ್ರವರಿ–ಮಾರ್ಚಿನಲ್ಲಿ ಖಾನಾಪುರದ ಕಾಡಿಗೆ ಹೋಗಿ ನೋಡಿ. ಸಾಗಡೆ ಮರದ ಚಿಗುರು ಅಚ್ಚ ಕೆಂಪು. ಇದಕ್ಕೆ ಕುಸುಮ ಎಂದೂ ಹೆಸರುಂಟು, ಹೊಲದ ಕುಸುಬಿ ಬೇರೆ. ಎಲೆಯಿಲ್ಲದ ಮುತ್ತುಗದ ತುಂಬ ಕೇಸರಿ ಹೂವು. ನಮ್ಮ ಕಾಡು ಕೆಂಪಾಗುವುದು ಉದುರುವಾಗ ಅಲ್ಲ, ಚಿಗುರುವಾಗ.

ಖಾನಾಪುರದ ಕಾಡಿನಲ್ಲೇ ಇರುವ ಭೀಮಗಡ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಇಳಿಜಾರಿನಲ್ಲಿ ಒಣ ತರಗೆಲೆ ಮಂಜುಗಡ್ಡೆಯಷ್ಟೇ ಜಾರುತ್ತದೆ. ಪಾದ ಅಡ್ಡ ಮಾಡಿ ಇಳಿಯಿರಿ. ಬೀಡಿ, ಒಲೆ ಬೇಡವೇ ಬೇಡ. ಉಣ್ಣಿ ಹೆಚ್ಚಿರುವ ಕಾಲವಿದು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಸುಡುವುದು ಮಾಡಬೇಡಿ. ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು, ತಿರುವದೆ, ನೆಟ್ಟಗೆ ಎಳೆದು ತೆಗೆಯಿರಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.