ಬೇರೆಯವರ ಹಾಡನ್ನೇ ಹಾಡುವ ಪಂಕ್ ಬ್ಯಾಂಡ್‌ಗೆ 'ಗ್ರೇಟೆಸ್ಟ್ ಹಿಟ್ಸ್' ಯಾಕೆ?

'ಮಿ ಫಸ್ಟ್ ಅಂಡ್ ದಿ ಗಿಮ್ಮಿ ಗಿಮ್ಮೀಸ್' ಅನ್ನುವ ಅಮೆರಿಕದ ಪಂಕ್ ಬ್ಯಾಂಡ್ (ಪಂಕ್ ಅಂದರೆ ವೇಗದ, ಒರಟು ಶಬ್ದದ ರಾಕ್ ಸಂಗೀತ) ಹಾಡುವುದೆಲ್ಲ ಬೇರೆಯವರ ಹಾಡು, ಹಾಗಿರುವಾಗ 2017ರಲ್ಲಿ ಬಂದ 'ರೇಕ್ ಇಟ್ ಇನ್: ದಿ ಗ್ರೇಟೆಸ್ಟೆಸ್ಟ್ ಹಿಟ್ಸ್' ಸಂಗ್ರಹದಲ್ಲಿರುವುದು ಯಾರ ಹಿಟ್ಸ್, ದುಡ್ಡು ಕೊಟ್ಟು ಕೊಳ್ಳಬಹುದಾ ಅಂತ ಕೇಳಿದ್ದೀರಿ. ಕೊಳ್ಳಬಹುದು. ಹಿಟ್ಸ್ ಕೂಡ ಅವರದೇ ಅಂತ ನಾನು ಹೇಳುತ್ತೇನೆ. ಯಾಕೆ ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು.

ಕಾಲೇಜಿನಲ್ಲಿದ್ದಾಗ ನಾನು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಅಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಜನ ಕೊಡುತ್ತಿದ್ದ ದೊಡ್ಡ ಶಹಬ್ಬಾಸ್ ಅಂದರೆ 'ಥೇಟ್ ಕ್ಯಾಸೆಟ್ ಥರಾನೇ ಇತ್ತು' ಅನ್ನುವುದು. ಹಾಗೆ ಬಾರಿಸುವುದು ಸುಲಭ ಅಲ್ಲ, ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆದರೆ ಅಲ್ಲಿ ಕೇಳುಗ ನೆನಪಿಸಿಕೊಳ್ಳುವುದು ಮೂಲ ಹಾಡನ್ನು, ನಮ್ಮನ್ನಲ್ಲ. ಗಿಮ್ಮಿ ಗಿಮ್ಮೀಸ್ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಮೂಲದಿಂದ ಸಾಹಿತ್ಯ ಮತ್ತು ರಾಗ ಎರಡನ್ನೇ ಎತ್ತಿಕೊಳ್ಳುತ್ತಾರೆ, ಉಳಿದದ್ದೆಲ್ಲ ಹೊಸದಾಗಿ ಕಟ್ಟುತ್ತಾರೆ.

ಇವರು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಐದು ಜನ. ಎಲ್ಲರೂ ಬೇರೆ ಬ್ಯಾಂಡುಗಳಲ್ಲೂ ಬಾರಿಸಿದವರು. ಹಾಡುವ ಸ್ಪೈಕ್ ಸ್ಲಾಸನ್ 'ಸ್ವಿಂಗಿನ್ ಅಟರ್ಸ್'ನವನು, ಬೇಸ್ ಗಿಟಾರ್ ಬಾರಿಸುತ್ತಿದ್ದ ಫ್ಯಾಟ್ ಮೈಕ್ 'ನೋ‌ಎಫ್‌ಎಕ್ಸ್'ನವನು, ಗಿಟಾರಿನ ಜೋಯಿ ಕೇಪ್ ಮತ್ತು ಡ್ರಮ್ಸಿನ ಡೇವ್ ರಾನ್ ಇಬ್ಬರೂ 'ಲ್ಯಾಗ್‌ವ್ಯಾಗನ್'ನವರು. ಇನ್ನೊಬ್ಬ ಗಿಟಾರ್ ವಾದಕ ಕ್ರಿಸ್ ಶಿಫ್ಲೆಟ್ 1999ರಲ್ಲಿ 'ಫೂ ಫೈಟರ್ಸ್' ಸೇರಿದ. ತಮ್ಮ ತಮ್ಮ ಬ್ಯಾಂಡಿನ ಕೆಲಸದ ನಡುವೆ ಬಿಡುವು ಸಿಕ್ಕಾಗ ಸೇರಿ ಹಳೇ ಹಾಡು ಬಾರಿಸುತ್ತಿದ್ದರು.

ಒಂದೊಂದು ಆಲ್ಬಂಗೂ ಒಂದೊಂದು ವಿಷಯ. 1997ರ 'ಹ್ಯಾವ್ ಎ ಬಾಲ್'ನಲ್ಲಿ ಎಲ್ಟನ್ ಜಾನ್, ಬಿಲ್ಲಿ ಜೋಯೆಲ್ ಥರದವರ ಮೆತ್ತನೆಯ ಹಾಡುಗಳು. 1999ರ 'ಆರ್ ಎ ಡ್ರ್ಯಾಗ್'ನಲ್ಲಿ ಸಂಗೀತ ನಾಟಕ ಮತ್ತು ಸಿನಿಮಾದ ಹಾಡುಗಳು. 2003ರಲ್ಲಿ ಸೋಲ್ ಮತ್ತು ಆರ್ ಅಂಡ್ ಬಿ ಅನ್ನುವ ಕಪ್ಪು ಅಮೆರಿಕನ್ನರ ಸಂಗೀತ, 2006ರಲ್ಲಿ ಕಂಟ್ರಿ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತ, 2014ರಲ್ಲಿ ದೊಡ್ಡ ದೊಡ್ಡ ಗಾಯಕಿಯರ ಹಾಡುಗಳು. 2004ರದ್ದು ನನಗೆ ತುಂಬ ಇಷ್ಟ. ಯಹೂದಿಗಳಲ್ಲಿ ಹುಡುಗನಿಗೆ ಹದಿಮೂರು ತುಂಬಿದಾಗ ಬಾರ್ ಮಿಟ್ಸ್ವಾ ಅಂತ ಒಂದು ಶಾಸ್ತ್ರ ಇದೆ, ಹೆಚ್ಚುಕಡಿಮೆ ನಮ್ಮ ಮುಂಜಿ ಥರ. ಅಂಥದ್ದೊಂದು ನಿಜವಾದ ಸಮಾರಂಭಕ್ಕೇ ಹೋಗಿ, ಬಂದ ನೆಂಟರಿಷ್ಟರ ಮುಂದೆ ಬಾರಿಸಿ, ಅದನ್ನೇ ಲೈವ್ ಆಲ್ಬಂ ಮಾಡಿದರು!

ಈಗ ಮುಖ್ಯ ವಿಷಯ. ಪಂಕ್‌ನಲ್ಲಿ ಗಿಟಾರ್ ಹೆಚ್ಚಾಗಿ ಪವರ್ ಕಾರ್ಡ್ ಬಾರಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಷಡ್ಜ ಮತ್ತು ಪಂಚಮ, ಅಷ್ಟೇ. ನಡುವಿನ ಗಾಂಧಾರ ಇರುವುದಿಲ್ಲ. ಕಾರಣ ಇಷ್ಟೆ: ಆಂಪ್ಲಿಫೈಯರಿನಲ್ಲಿ ಶಬ್ದವನ್ನು ಅಷ್ಟೊಂದು ಒರಟು ಮಾಡಿದಾಗ ಗಾಂಧಾರವನ್ನೂ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಆದರೆ ಒಂದು ಹಾಡು ನಗುತ್ತದಾ ಅಳುತ್ತದಾ ಅನ್ನುವುದನ್ನು ಹೆಚ್ಚಾಗಿ ಹೇಳುವುದು ಆ ಗಾಂಧಾರವೇ ಅಲ್ವಾ? ಗಿಟಾರಿನಲ್ಲಿ ಅದು ಇಲ್ಲದಿದ್ದರೆ ಹಾಡುವವನ ಗಂಟಲಿನಿಂದಲೇ ಬರಬೇಕು. ಇಲ್ಲಿ ಸ್ಪೈಕ್ ಸ್ಲಾಸನ್ ಎಷ್ಟು ಒಳ್ಳೆಯ ಗಾಯಕ ಅಂತ ಗೊತ್ತಾಗುತ್ತದೆ. ಅವನು ಅರಚುವುದಿಲ್ಲ. ಹಿಂದೆ ಡ್ರಮ್ಸ್ ಓಡುತ್ತಿರುತ್ತದೆ, ಗಿಟಾರುಗಳು ಗೋಡೆ ಥರ ನಿಂತಿರುತ್ತವೆ, ಅವನು ಮಾತ್ರ ಹಳೇ ಕಾಲದ ಗಾಯಕರ ಹಾಗೆ ದನಿ ತುಂಬಿ, ಒಂದೊಂದು ಪದವೂ ಕೇಳುವ ಹಾಗೆ ಹಾಡುತ್ತಾನೆ. ಮೂಲದಲ್ಲಿದ್ದ ಪಿಯಾನೊ, ವಯೊಲಿನ್, ಅಲಂಕಾರ ಎಲ್ಲ ಹೋಗಿರುತ್ತದೆ. ರಾಗ ಗಟ್ಟಿ ಇದ್ದರೆ ಹಾಡು ನಿಲ್ಲುತ್ತದೆ, ಇಲ್ಲದಿದ್ದರೆ ಬಿದ್ದುಹೋಗುತ್ತದೆ. 'ಓವರ್ ದಿ ರೇನ್‌ಬೋ' 1939ರ ಸಿನಿಮಾದ್ದು, ಅಷ್ಟು ಹಳೆಯದು, ಆದರೂ ಇವರ ಕೈಯಲ್ಲಿ ಜಗ್ಗದೆ ನಿಂತಿದೆ. ಡಾಲಿ ಪಾರ್ಟನ್ ಅವರ 'ಜೊಲೀನ್' ಕೂಡ ಹಾಗೇ.

ಇನ್ನೊಂದು ವಿಷಯ ಡ್ರಮ್ಸ್ ಬಾರಿಸುವವರಿಗೆ ಬೇಗ ಹೊಳೆಯುತ್ತದೆ. ಇವರು ಎಲ್ಲ ಹಾಡನ್ನೂ ಸುಮ್ನೆ ಒಂದೇ ಸಮ ಓಡಿಸುವುದಿಲ್ಲ. ಪಲ್ಲವಿ ಬರುವ ಮುಂಚೆ ಡ್ರಮ್ಸ್ ಅರ್ಧ ವೇಗಕ್ಕೆ ಇಳಿಯುವುದು, ಗಿಟಾರಿನವರು ಅಂಗೈಯನ್ನು ತಂತಿಗೆ ಒತ್ತಿಹಿಡಿದು ಶಬ್ದ ಕುಗ್ಗಿಸುವುದು, ಆಮೇಲೆ ಎಲ್ಲರೂ ಒಟ್ಟಿಗೆ ಬಿಟ್ಟುಬಿಡುವುದು, ಇದೆಲ್ಲ ಲೆಕ್ಕ ಹಾಕಿ ಮಾಡಿದ್ದು. 'ಸ್ಲೂಪ್ ಜಾನ್ ಬಿ' ಹಾಡನ್ನು ರಮೋನ್ಸ್ ಬ್ಯಾಂಡಿನ ಹಾಡೊಂದರ ಆರಂಭವನ್ನು ಇಟ್ಟು ಶುರು ಮಾಡುತ್ತಾರೆ. ಪಂಕ್ ಗೊತ್ತಿದ್ದವರಿಗೆ ಅಲ್ಲೇ ಮೈ ಜುಮ್ಮೆನ್ನುತ್ತದೆ, ಗೊತ್ತಿಲ್ಲದವರಿಗೂ ಹಾಡು ಎಲ್ಲಿಯೂ ತಡವರಿಸುವುದಿಲ್ಲ. ಇದು ನಕಲು ಅಲ್ಲ. ಅದಕ್ಕೇ ಹಿಟ್ಸ್ ಅವರದೂ ಹೌದು ಅಂದದ್ದು.

ಆಲ್ಬಂ ಹೆಸರಿನ ಬಗ್ಗೆಯೂ ಹೇಳಬೇಕು. ಬ್ಯಾಂಡಿನ ಹೆಸರು 'ಮೊದಲು ನನಗೆ, ಕೊಡು ಕೊಡು' ಅಂತ ಮಕ್ಕಳು ಹಟ ಮಾಡುವ ಥರದ್ದು. ಮೊದಲು ಬ್ಯಾಂಡಿನ ಹೆಸರು, ಆಮೇಲೆ ಆಲ್ಬಂ ಹೆಸರು ಇಟ್ಟು ಓದಿದರೆ ಒಂದು ಪೂರ್ತಿ ವಾಕ್ಯ ಆಗುತ್ತದೆ. ಇಲ್ಲಿ 'ರೇಕ್ ಇಟ್ ಇನ್' ಅಂದರೆ ದುಡ್ಡು ಬಾಚಿಕೊಳ್ಳುವುದು. ಆದರೆ ಹಾಡು ಬರೆದವರ ಪಾಲು ಬೇರೆಯವರಿಗೇ ಹೋಗುತ್ತದೆ. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದಿದ್ದರೆ ಯಾರು ಬೇಕಾದರೂ ಅದನ್ನು ಮತ್ತೆ ಹಾಡಿ ಮಾರಬಹುದು, ಕಾನೂನಿನಲ್ಲಿ ಹೇಳಿದ ದರ ಕೊಟ್ಟರಾಯಿತು. 2017ರಲ್ಲಿ ಆ ದರ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಗೆ 9.1 ಸೆಂಟ್. ಹತ್ತು ಹಾಡಿನ ಒಂದು ಸಿಡಿ ಮಾರಿದರೆ 91 ಸೆಂಟ್ ಬರೆದವರ ಕಡೆಗೆ ಹೋಗುವ ಲೆಕ್ಕ. ಇದು ನನಗೆ ಸರಿಯಾದ ಏರ್ಪಾಡು ಅನ್ನಿಸುತ್ತದೆ. ಹಾಡು ಕಟ್ಟಿದವನಿಗೆ ದುಡ್ಡು ತಲುಪುತ್ತದೆ, ಹಾಡನ್ನು ಹೊಸದಾಗಿ ಕೇಳಿಸುವವನು ಯಾರ ಮನೆ ಬಾಗಿಲಿಗೂ ಹೋಗಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ನಮ್ಮಲ್ಲೂ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡುವುದಕ್ಕೆ, ಇಂಥ ಒಂದು ಲೈಸೆನ್ಸ್ ಬಂದಿದೆ. ಆದರೆ ಮೊದಲ ರೆಕಾರ್ಡಿಂಗ್ ಆದಮೇಲೆ ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಧನವನ್ನೂ ಕಟ್ಟಬೇಕು. ಸಣ್ಣ ಬ್ಯಾಂಡುಗಳಿಗೆ ಇದು ತುಂಬ ಭಾರ.

ಈ ಸಂಗ್ರಹದಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳುತ್ತೇನೆ. ಒಂದೊಂದು ವಿಷಯಕ್ಕೆ ಒಂದೊಂದು ಆಲ್ಬಂ ಅನ್ನುವ ಮಜಾ ಇಲ್ಲಿ ಸಿಗುವುದಿಲ್ಲ, ಎಲ್ಲ ಕಾಲದ ಹಾಡೂ ಕಲೆತುಹೋಗಿವೆ. ಆದರೆ ಅದರಿಂದಲೇ ಒಂದು ಲಾಭವೂ ಇದೆ. ಕಂಟ್ರಿ ಆಗಲಿ, ಡಿಸ್ಕೋ ಆಗಲಿ, ನಾಟಕದ ಹಾಡಾಗಲಿ, ಇಪ್ಪತ್ತು ವರ್ಷ ಇವರ ಕೈ ಒಂದೇ ಥರ ಪಳಗಿದೆ ಅನ್ನುವುದು ಪಕ್ಕಪಕ್ಕದಲ್ಲಿ ಕೇಳಿದಾಗ ಕಿವಿಗೆ ಬೀಳುತ್ತದೆ. ನೀವು ಹೊಸಬರಾದರೆ ಇದರಿಂದಲೇ ಶುರು ಮಾಡಿ. ಹಿಡಿಸಿದರೆ ಮುಂದಿನದು 'ಹ್ಯಾವ್ ಎ ಬಾಲ್', ಅದರಲ್ಲಿ 'ಲೀವಿಂಗ್ ಆನ್ ಎ ಜೆಟ್ ಪ್ಲೇನ್' ಇದೆ. ಜಾನ್ ಡೆನ್ವರ್ 1966ರಲ್ಲಿ ಬರೆದ ಹಾಡು, 'ಪೀಟರ್, ಪಾಲ್ ಅಂಡ್ ಮೇರಿ' ಅನ್ನುವ ತಂಡ ಹಾಡಿದ್ದು 1969ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೊದಲು ಅವರದನ್ನು ಕೇಳಿ, ಕೂಡಲೇ ಇವರದನ್ನು ಹಾಕಿ, ಪಲ್ಲವಿಯಲ್ಲಿ ಡ್ರಮ್ಸ್ ಬಿಟ್ಟು ಬರೀ ದನಿಯ ಕಡೆ ಕಿವಿ ಇಡಿ. ಕೇಳಿದ ಮೇಲೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ.